ಬಾಯಿಗೆ ಏನೂ ಹಾಕದವನು

ಈ ಕಥೆಯನ್ನು ಮೊದಲು ಹೇಳಿದವನು ಸೂಜಿ. ಹೇಳಿದ್ದು ಹೋದ ವರ್ಷ, ಚಳಿ ಇಳಿಯುತ್ತಿದ್ದ ಕಾಲದ ಒಂದು ಸಂಜೆ, ಹಳೆಯ ನಾಟಕಮಂದಿರದ ಒಳಗೆ. ಅಲ್ಲಿನ ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸಲು ನಮ್ಮನ್ನು ಕರೆತಂದವನೂ ಅವನೇ. ಕರೆಂಟು ಹೋಗಿ ಕೆಲಸ ನಿಂತಿತ್ತು. ನಮ್ಮಲ್ಲೊಬ್ಬ, "ಅಲ್ಲ ಸೂಜಿಯಣ್ಣ, ಮುಂದಿನ ಸಾಲುಗಳನ್ನು ಇಷ್ಟು ಚಂದ ಕೂರಿಸಿದ ಪುಣ್ಯಾತ್ಮ ಯಾರು? ಅರ್ಧಕ್ಕೆ ಬಿಟ್ಟು ಎಲ್ಲಿ ಓಡಿಹೋದ?" ಎಂದು ಕೇಳಿದ. ಸೂಜಿ ಚೀಲದಿಂದ ಒಂದು ಕಟ್ಟು ಕಾಗದ ತೆಗೆದು, ಬಾಗಿಲ ಬಳಿ ಉಳಿದಿದ್ದ ಬೆಳಕಿಗೆ ಹೋಗಿ ಕೂತ. ಕೆಲವು ಅವನಿಗೆ ಬಂದ ಕಾಗದಗಳು, ಕೆಲವು ಅವನೇ ಬರೆದು ಆಮೇಲೆ ವಾಪಸು ಸಿಕ್ಕವು. ಹೇಳಿದ ಅಂದೆನಲ್ಲ, ಹೇಳಲಿಲ್ಲ, ಓದಿದ.

ನಮ್ಮ ಕಸುಬು ಗೊತ್ತಿಲ್ಲದವರಿಗೆ ಒಂದು ಮಾತು. ಕುರ್ಚಿಗೆ ಬಟ್ಟೆ ಹೊದಿಸುವವನಿಗೆ ಎರಡು ಕೈ ಸಾಲುವುದಿಲ್ಲ. ಒಂದು ಕೈ ಬಟ್ಟೆ ಎಳೆದು ಹಿಡಿಯಬೇಕು, ಇನ್ನೊಂದರಲ್ಲಿ ಸುತ್ತಿಗೆ. ಹಾಗಾಗಿ ಒಂದು ಹಿಡಿ ಸಣ್ಣ ಮೊಳೆಯನ್ನು ಬಾಯಿಗೆ ಹಾಕಿಕೊಳ್ಳುತ್ತೇವೆ. ನಾಲಿಗೆ ಒಂದೊಂದನ್ನೇ ತಿರುಗಿಸಿ, ತಲೆ ಮುಂದೆ ಮಾಡಿ ತುಟಿಗೆ ತರುತ್ತದೆ. ಸುತ್ತಿಗೆಯ ಮೂತಿ ಅಯಸ್ಕಾಂತದ್ದು. ತುಟಿಗೆ ಮುಟ್ಟಿಸಿದರೆ ಮೊಳೆ ಅಂಟಿಕೊಂಡು ಬರುತ್ತದೆ, ಮರದಲ್ಲಿ ಕೂರುತ್ತದೆ. ಈ ಕೆಲಸದಲ್ಲಿ ಎತ್ತಿದ ಕೈ ಅಂದರೆ ಒಬ್ಬನೇ. ಅವನ ಹೆಸರೇ ಸುತ್ತಿಗೆ ಅಂತ ಆಗಿಹೋಗಿತ್ತು. ಹೊಲಿಗೆಗೆ ಸೂಜಿ, ಹೊಡೆತಕ್ಕೆ ಸುತ್ತಿಗೆ: ಇಬ್ಬರೂ ಒಂದೇ ಅಂಗಡಿಯಲ್ಲಿದ್ದು, ಜಗಳವಾಡಿ ಬೇರೆಯಾದವರು.

*

ಫೆಬ್ರವರಿ ೩

ಸೂಜಿಗೆ,

ಬದುಕಿದ್ದೀಯಾ? ನಾನಂತೂ ಇದ್ದೇನೆ, ಸದ್ಯಕ್ಕೆ. ನೀನು ಅಂಗಡಿ ಬಿಟ್ಟು ಆ ಸೋಫಾ ಕಾರ್ಖಾನೆ ಸೇರಿದ ದಿನ, ಇನ್ನು ನಿನ್ನ ಹತ್ತಿರ ಮಾತಿಲ್ಲ ಅಂತ ಆಣೆ ಮಾಡಿದ್ದೆ. ಆಣೆ ಮಾಡಿದ ನಾಲಿಗೆಗೇ ಈಗ ರೋಗ ಬಂದಿದೆ. ಆದ್ದರಿಂದ ಆಣೆ ಲೆಕ್ಕಕ್ಕಿಲ್ಲ.

ನಾಲಿಗೆಯ ಬುಡದಲ್ಲಿ, ಎಡಗಡೆ, ಗಂಟು. ಕ್ಯಾನ್ಸರ್. ಕೊಯ್ಯುವುದಿಲ್ಲವಂತೆ, ಏಳು ವಾರ ಕಿರಣ ಕೊಡುತ್ತಾರಂತೆ. ಅದಕ್ಕೆ ಮೊದಲು ಹಲ್ಲಿನ ಡಾಕ್ಟರಮ್ಮನ ಹತ್ತಿರ ಕಳಿಸಿದರು. "ಕೆಟ್ಟಿರುವುದು ನಾಲಿಗೆ, ಹಲ್ಲನ್ನು ಯಾಕಮ್ಮ ನೋಡುತ್ತೀರಿ?" ಅಂದೆ. ಅವರು ಕೂರಿಸಿಕೊಂಡು ಹೇಳಿದರು. ಕಿರಣ ಗಂಟಿಗೆ ಹೋಗುವ ದಾರಿಯಲ್ಲಿ ದವಡೆಗೂ ಬೀಳುತ್ತದೆ. ಜೊಲ್ಲು ಬತ್ತುತ್ತದೆ, ಜೊಲ್ಲಿಲ್ಲದ ಬಾಯಲ್ಲಿ ಹಲ್ಲು ಬೇಗ ಹುಳುಕಾಗುತ್ತದೆ. ಆಮೇಲೆ ಕೀಳೋಣ ಅಂದರೆ ಆಗುವುದಿಲ್ಲ. ಕಿರಣ ಬಿದ್ದ ಎಲುಬಿಗೆ ರಕ್ತ ಸಾಲದು, ಗಾಯ ಮಾಯುವುದಿಲ್ಲ, ಎಲುಬೇ ಸತ್ತುಹೋಗಬಹುದು. "ಕೆಟ್ಟದ್ದನ್ನೆಲ್ಲ ಈಗಲೇ ತೆಗೆದುಬಿಡೋಣ" ಅಂತ ಎಡಗಡೆ ಕೆಳಗಿನ ದವಡೆಹಲ್ಲು ಮೂರನ್ನು ಕಿತ್ತರು.

ಕೀಳುವ ಮುಂಚೆ ಕೇಳಿದರು: "ಬಾಯಿಗೆ ಏನಾದರೂ ಹಾಕುವ ಅಭ್ಯಾಸ ಇದೆಯಾ?" ಎದೆ ತಟ್ಟಿ ಹೇಳಿದೆ: "ಊಟ ನೀರು ಬಿಟ್ಟರೆ ಈ ಬಾಯಿಗೆ ಏನೂ ಹಾಕಿದವನಲ್ಲ ತಾಯಿ. ಒಂದು ಲವಂಗ ಕೂಡ ಇಲ್ಲ." ಪಕ್ಕದಲ್ಲಿದ್ದ ನಿನ್ನ ಅತ್ತಿಗೆಯೂ ಹೌದು ಹೌದು ಅಂದಳು. ಅವರು ಹಾಗೇ ಬರೆದುಕೊಂಡರು.

ಫೋನು ಮಾಡಬಹುದಿತ್ತು. ಆದರೆ ನಾಲಿಗೆ ತೊದಲುತ್ತದೆ, ನೀನು ಕುಡಿದಿದ್ದೀಯಾ ಅಂತ ಕೇಳುತ್ತೀಯ. ವಿಷಯ ಇಷ್ಟು: ನಾಟಕಮಂದಿರದ ಕುರ್ಚಿಗಳನ್ನು ಒಪ್ಪಿಕೊಂಡಿದ್ದೇನೆ. ಮುಂದಿನ ಕೆಲವು ಸಾಲು ಆಗಿವೆ. ಮಿಕ್ಕದ್ದಕ್ಕೆ ನೀನು ಬಂದು ನಿಲ್ಲಬೇಕು. ಕೇಳುವುದು ನನಗೆ ಸುಲಭ ಅಲ್ಲ ಅಂತ ನಿನಗೆ ಗೊತ್ತು.

ಇಂತಿ,
ಸುತ್ತಿಗೆ

*

ಫೆಬ್ರವರಿ ೧೬

ಸುತ್ತಿಗೆಯಣ್ಣನಿಗೆ ನಮಸ್ಕಾರ,

ನಿನ್ನ ಕೈಬರಹ ನೋಡಿ ಮೊದಲು ಖುಷಿಯಾಯಿತು. ಓದಿದ ಮೇಲೆ ಆ ಖುಷಿ ಉಳಿಯಲಿಲ್ಲ. ಬಾಯಿಗೆ ಏನೂ ಹಾಕದ ನಿನಗೇ ಬರಬೇಕಿತ್ತಾ ಇದು? ಇಲ್ಲಿ ನಮ್ಮ ಮೇಸ್ತ್ರಿ ಬೆಳಗಿಂದ ಸಂಜೆವರೆಗೆ ಹೊಗೆಸೊಪ್ಪು ಜಗಿಯುತ್ತಾನೆ, ಕಲ್ಲುಗುಂಡಿನ ಹಾಗಿದ್ದಾನೆ. ನ್ಯಾಯ ಎಲ್ಲಿದೆ ಹೇಳು.

ಹಲ್ಲು ಕಚ್ಚಿ ಸಹಿಸು ಅಂತ ಬರೆಯಲು ಹೊರಟೆ. ಇದ್ದ ಹಲ್ಲನ್ನೂ ಕಿತ್ತಿದ್ದಾರಲ್ಲ ಅಂತ ಪೆನ್ನು ನಿಲ್ಲಿಸಿದೆ.

ರಜೆ ಕೇಳಿದ್ದೇನೆ. ಈಗ ಆರ್ಡರು ಜಾಸ್ತಿ, ಬಿಡುವುದು ಕಷ್ಟ ಅನ್ನುತ್ತಾನೆ ಮೇಸ್ತ್ರಿ. ಮುಂದಿನ ತಿಂಗಳು ಖಂಡಿತ. ಅತ್ತಿಗೆಗೆ ಧೈರ್ಯ ಹೇಳು.

ನಿನ್ನ,
ಸೂಜಿ

*

ಮಾರ್ಚ್ ೧೦

ಸೂಜಿ,

ಒಂದು ತಮಾಷೆ ಕೇಳು. ಕಿರಣ ಕೊಡುವಾಗ ತಲೆ ಕದಲಬಾರದಂತೆ. ಅದಕ್ಕೆ ಬಿಸಿನೀರಲ್ಲಿ ಮೆತ್ತಗೆ ಮಾಡಿದ ಒಂದು ಜಾಲರಿ ಹಾಳೆಯನ್ನು ಮುಖದ ಮೇಲೆ ಎಳೆದು, ಅಂಚನ್ನು ಮೇಜಿಗೆ ಬಿಗಿದರು. ಆರಿದ ಮೇಲೆ ಅದು ನನ್ನ ಮುಖದ್ದೇ ಅಚ್ಚು. ಮೂಗು, ಗಲ್ಲ, ಎಲ್ಲ. ಜನ್ಮವಿಡೀ ಕುರ್ಚಿಗೆ ಹೊದಿಕೆ ಎಳೆದವನ ಮುಖಕ್ಕೇ ಹೊದಿಕೆ ಎಳೆದುಬಿಟ್ಟರು ಮಾರಾಯ! ಎಳೆತ ಚೆನ್ನಾಗಿತ್ತು, ಒಂದು ಸುಕ್ಕಿಲ್ಲ. ಯಂತ್ರದ ಹುಡುಗಿಗೆ ಹೇಳಿದೆ, "ನಮ್ಮ ಅಂಗಡಿಗೆ ಬಾರಮ್ಮ, ಕೆಲಸ ಕೊಡುತ್ತೇನೆ" ಅಂತ. ನಕ್ಕಳು. ಆಮೇಲೆ ಎಲ್ಲರೂ ಹೊರಗೆ ಹೋಗಿ ದಪ್ಪ ಬಾಗಿಲು ಹಾಕಿಕೊಂಡರು. ಆಗ ನಗು ಬರಲಿಲ್ಲ.

ಬಾಯೊಳಗೆ ಸುಡಲು ಶುರುವಾಗಿದೆ. ಯಾವುದಕ್ಕೂ ರುಚಿ ಇಲ್ಲ, ಎಲ್ಲವೂ ಒದ್ದೆ ರಟ್ಟು.

ಡಾಕ್ಟರಮ್ಮ ಹಲ್ಲಿನ ಅಚ್ಚು ತೆಗೆದು ಮೇಲೊಂದು ಕೆಳಗೊಂದು ತೆಳು ಪ್ಲಾಸ್ಟಿಕ್ ತೊಟ್ಟಿ ಮಾಡಿಕೊಟ್ಟಿದ್ದಾರೆ, ಹಲ್ಲು ಹುಳುಕಾಗದಿರಲಿ ಅಂತ. ಅದರಲ್ಲಿ ಔಷಧ ಹಿಂಡಿ, ಮಲಗುವ ಮುಂಚೆ ಹಲ್ಲಿಗೆ ಕೂರಿಸಿಕೊಳ್ಳಬೇಕು. ಒಂದು ದಿನವೂ ತಪ್ಪಿಸಬಾರದು, ಸಾಯುವವರೆಗೆ. "ಸಾಯುವವರೆಗೆ ಅಂದರೆ ಎಷ್ಟು ದಿನ ತಾಯಿ?" ಅಂದೆ. "ಬಹಳ ವರ್ಷ" ಅಂದರು. ಒಳ್ಳೆ ಹೆಂಗಸು.

ನೀನು ಯಾವ ಬಸ್ಸಿಗೆ ಬರುತ್ತೀಯ ಬರೆ.

ಸುತ್ತಿಗೆ

*

ಏಪ್ರಿಲ್ ೨೮

ಸೂಜಿ,

ಕಿರಣ ಮುಗಿಯಿತು. ಬಾಯಿ ತುಂಬ ಹುಣ್ಣು. ಕತ್ತಿನ ಚರ್ಮ ಸುಟ್ಟ ಬಟ್ಟೆಯ ಹಾಗೆ ಕಪ್ಪಾಗಿ ಸುಲಿಯುತ್ತಿದೆ. ನೀರು ಇಳಿಯುವುದೂ ಕಷ್ಟ. ಮಾತು ಇಲ್ಲ, ಹಲಗೆ ಮೇಲೆ ಬರೆದು ತೋರಿಸುತ್ತೇನೆ. ನಿನ್ನ ಅತ್ತಿಗೆ, "ಇಷ್ಟು ವರ್ಷದಲ್ಲಿ ಈಗಲೇ ಮನೆ ಶಾಂತವಾಗಿರೋದು" ಅಂತ ನಗಿಸಲು ನೋಡಿದಳು. ಆಮೇಲೆ ಅಡುಗೆಮನೆಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಿದ್ದಳು.

ನೀನು ಬರಲಿಲ್ಲ. ಯಾಕೆ ಅಂತ ಕೇಳುತ್ತಿಲ್ಲ. ಹೇಳುತ್ತಿದ್ದೇನೆ.

ಸುತ್ತಿಗೆ

*

ಮೇ ೨೦

ಅಣ್ಣಾ,

ಬರಲಾಗಲಿಲ್ಲ. ಕಾರಣ ಬರೆದರೆ ನೀನು ಓದುತ್ತೀಯ, ನಂಬುವುದಿಲ್ಲ.

ಬೇರೆ ಪಾರ್ಸೆಲಿನಲ್ಲಿ ಒಂದು ಪಿನ್ನು ಹೊಡೆಯುವ ಗನ್ನು ಕಳಿಸಿದ್ದೇನೆ. ಕಾರ್ಖಾನೆಯಲ್ಲಿ ನಾವೆಲ್ಲ ಇದರಲ್ಲೇ ಹೊಡೆಯುವುದು. ಒತ್ತಿದರೆ ಟಪ್ ಅಂತ ಕೂರುತ್ತದೆ. ನೀನು ಒಂದು ಕುರ್ಚಿ ಮಾಡುವ ಹೊತ್ತಲ್ಲಿ ಒಂದು ಸಾಲೇ ಮುಗಿಯುತ್ತದೆ. ಸುಸ್ತಾದ ಮೈಗೆ ಒಳ್ಳೆಯದು. ಈ ಗನ್ನಿನ ವಿಷಯಕ್ಕೇ ನಾವು ಜಗಳವಾಡಿದ್ದು ಮರೆತಿಲ್ಲ. ಆದರೂ ಬೈಯುವ ಮುಂಚೆ ಒಮ್ಮೆ ಕೈಯಲ್ಲಿ ಹಿಡಿದು ನೋಡು.

ಸೂಜಿ

*

ಜೂನ್ ೧೮

ಸೂಜಿ ಮಹಾಶಯರಿಗೆ,

ತಮ್ಮ ಗನ್ನು ಬಂತು. ಹಿಡಿದು ನೋಡಿದೆ. ಒತ್ತಿದೆ. ಟಪ್ ಅನ್ನಲಿಲ್ಲ. ಅತ್ತ ತಿರುಗಿಸಿದೆ, ಇತ್ತ ತಿರುಗಿಸಿದೆ. ಹಿಂದೆ ಒಂದು ತೂತು. ಆ ತೂತಿಗೆ ಗಾಳಿ ಬೇಕು, ಗಾಳಿಗೆ ಕಂಪ್ರೆಸರ್ ಬೇಕು. ಅಲ್ಲಯ್ಯಾ, ಗನ್ನು ಕಳಿಸಿದೆ, ಗಾಳಿ ಕಳಿಸಲಿಲ್ಲವಲ್ಲ! ನಾನೇ ಬಾಯಿಟ್ಟು ಊದಲೇ? ನಿನ್ನ ಅತ್ತಿಗೆ ನಕ್ಕೂ ನಕ್ಕೂ ಸಾಕಾದಳು. ಅವಳನ್ನು ನಗಿಸಿದ್ದಕ್ಕೆ ನಿನ್ನ ಮೇಲಿನ ಸಿಟ್ಟು ಸ್ವಲ್ಪ ಇಳಿಯಿತು.

ಒಳ್ಳೆಯ ಸುದ್ದಿ: ಗಂಟು ಕರಗಿದೆಯಂತೆ. ಕತ್ತು ಮುಟ್ಟಿ, ಚಿತ್ರ ತೆಗೆದು, ಎಲ್ಲ ನೋಡಿದರು. ನಾನು ಗೆದ್ದೆ ಕಣೋ.

ಮೊನ್ನೆಯಿಂದ ನಾಟಕಮಂದಿರದ ಕೆಲಸಕ್ಕೆ ಹೋಗುತ್ತಿದ್ದೇನೆ. ಪಥ್ಯದಲ್ಲಿ ನನ್ನನ್ನು ಮೀರಿಸುವವರಿಲ್ಲ. ಗಟ್ಟಿ ತಿನ್ನಬೇಡ ಅಂದರು, ತಿನ್ನುವುದಿಲ್ಲ. ಮುಳ್ಳಿನ ಮೀನು ಬೇಡ ಅಂದರು, ಮುಟ್ಟುವುದಿಲ್ಲ. ಬ್ರೆಡ್ಡಿನ ಅಂಚನ್ನು ಕೂಡ ನೆನೆಸಿ ತಿನ್ನುತ್ತೇನೆ. ತೊಟ್ಟಿ ಔಷಧ ಒಂದು ದಿನ ತಪ್ಪಿಸಿಲ್ಲ.

ಕೆಲಸ ಮಾತ್ರ ನಿಧಾನ. ಬಾಯಿ ಒಣಗಿ ಬೇಸಿಗೆಯ ಕೆರೆ. ಮೊದಲು ನಾಲಿಗೆ ತಾನೇ ಮೊಳೆ ತಿರುಗಿಸುತ್ತಿತ್ತು, ಈಗ ಒಣನಾಲಿಗೆಗೆ ಅಂಟಿಕೊಳ್ಳುತ್ತದೆ. ಉಪಾಯ ಮಾಡಿದ್ದೇನೆ: ಒಂದು ಗುಟುಕು ನೀರು, ಆಮೇಲೆ ಮೊಳೆ. ಎಡಗಡೆ ಹಲ್ಲು ಕಿತ್ತ ಜಾಗ ಖಾಲಿ ಇದೆಯಲ್ಲ, ಮೊಳೆ ಇಟ್ಟುಕೊಳ್ಳಲು ಒಳ್ಳೆ ಗೂಡಾಗಿದೆ. ಡಾಕ್ಟರಮ್ಮ ಗೊತ್ತಿಲ್ಲದೇ ಉಪಕಾರ ಮಾಡಿದ್ದಾರೆ.

ಸುತ್ತಿಗೆ

*

ಜುಲೈ ೯

ಅಣ್ಣಾ,

ಗಂಟು ಕರಗಿತು ಅಂತ ಓದಿ ಇಡೀ ಕಾರ್ಖಾನೆಗೆ ಟೀ ಕುಡಿಸಿದೆ. ಗಾಳಿ ವಿಷಯ ಹೇಳಿದ್ದಕ್ಕೆ ಎಲ್ಲರೂ ನನ್ನನ್ನು ಆಡಿಕೊಂಡು ನಗುತ್ತಿದ್ದಾರೆ. ಈಗ ನನ್ನ ಹೊಸ ಹೆಸರು ಗಾಳಿ.

ಹಳೆಯ ಕಂಪ್ರೆಸರ್ ಒಂದು ಮೂಲೆಯಲ್ಲಿ ಬಿದ್ದಿದೆ. ಮೇಸ್ತ್ರಿಯನ್ನು ಕೇಳಿ, ಲಾರಿಗೆ ಹಾಕಿಸುತ್ತೇನೆ. ಹಲ್ಲು ಕಿತ್ತ ಜಾಗದಲ್ಲೂ ಮೊಳೆ ಇಡುವವನು ಲೋಕದಲ್ಲಿ ನೀನೊಬ್ಬನೇ! ಹುಷಾರಾಗಿ ಮಾಡು, ನುಂಗಿಗಿಂಗಿಬಿಟ್ಟೀಯ.

ಸೂಜಿ

*

ಸೆಪ್ಟೆಂಬರ್ ೫

ಸೂಜಿ,

ಲಾರಿ ಇನ್ನೂ ಬಂದಿಲ್ಲ. ಬರುವುದೂ ಇಲ್ಲ ಅಂತಲೇ ಅಂದುಕೊಂಡಿದ್ದೇನೆ.

ಒಂದು ಸಣ್ಣ ತೊಂದರೆ. ಎಡಗಡೆ ಒಸಡಿನಲ್ಲಿ, ಹಲ್ಲು ಕಿತ್ತ ಜಾಗದಲ್ಲೇ, ಏನೋ ಗಟ್ಟಿಯಾಗಿ ನಾಲಿಗೆಗೆ ಸಿಗುತ್ತಿದೆ. ಹೋದ ತಿಂಗಳು ಅಲ್ಲಿ ಒಂದು ಮೊಳೆ ಚುಚ್ಚಿತ್ತು. ನೋವಾಗಲಿಲ್ಲ, ಆ ಕಡೆ ಜೋಮು ಹಿಡಿದ ಹಾಗೆ ಇರುತ್ತದೆ. ಮೊಳೆಯ ಮೊನೆ ಮುರಿದು ಒಳಗೇ ಉಳಿದಿರಬೇಕು ಅಂದುಕೊಂಡೆ.

ನಮಗೆ ಮೊಳೆ ಕೀಳುವುದು ಹೇಳಿಕೊಡಬೇಕಾ? ಕನ್ನಡಿ ಮುಂದೆ ನಿಂತು, ಸಣ್ಣ ಮೂತಿಯ ಇಕ್ಕಳವನ್ನು ಬಿಸಿನೀರಲ್ಲಿ ತೊಳೆದು, ಹಿಡಿದು ಎಳೆದೆ. ಸಲೀಸಾಗಿ ಬಂತು. ಬಿಳಿ ಚೂರು. ತರಿತರಿಯಾಗಿ, ಒಣಗಿದ ಸುಣ್ಣದ ಹಾಗೆ. ರಕ್ತ ಬರಲೇ ಇಲ್ಲ, ಅದೇ ಆಶ್ಚರ್ಯ. ಇಡೀ ದಿನ ಅಂಗಿ ಜೇಬಲ್ಲಿಟ್ಟುಕೊಂಡು ತಿರುಗಿದೆ, ಏನಿದು ಏನಿದು ಅಂತ.

ಈಗ ಅದೇ ಜಾಗದಲ್ಲಿ ಇನ್ನೊಂದು ಸಿಗುತ್ತಿದೆ, ಇನ್ನೂ ಅಗಲ. ಬಾಯಿ ವಾಸನೆ ಬರುತ್ತದೆ ಅಂತ ನಿನ್ನ ಅತ್ತಿಗೆಗೆ ಬೆನ್ನು ಮಾಡಿ ಮಲಗುತ್ತೇನೆ. ಅವಳಿಗೆ ಹೇಳಿಲ್ಲ. ನೀನೂ ಬರೆಯಬೇಡ.

ಸುತ್ತಿಗೆ

*

ಸೆಪ್ಟೆಂಬರ್ ೧೧

ಅಣ್ಣಾ,

ಬಿಳಿ ಮೊಳೆ ಯಾವ ಅಂಗಡಿಯಲ್ಲಿ ಸಿಗುತ್ತದೆ? ನೀನೂ ನಾನೂ ಜನ್ಮದಲ್ಲಿ ಕಂಡಿದ್ದೇವಾ? ಅದು ಮೊಳೆ ಅಲ್ಲ. ಅದು ಏನು ಅಂತ ನಿನಗೂ ಗೊತ್ತಿದೆ, ಗೊತ್ತಿದ್ದೇ ಜೇಬಲ್ಲಿಟ್ಟುಕೊಂಡು ತಿರುಗಿದ್ದೀಯ.

ನಿನ್ನ ಮೊದಲ ಕಾಗದ ತೆಗೆದು ಮತ್ತೆ ಓದಿದೆ. ಬಾಯಿಗೆ ಏನಾದರೂ ಹಾಕುವ ಅಭ್ಯಾಸ ಇದೆಯಾ ಅಂತ ಅವರು ಕೇಳಿದ್ದರು. ನೀನು ಇಲ್ಲ ಅಂದೆ. ನಾನೂ ಓದಿ, ಹೌದಲ್ಲ ಅಂದುಕೊಂಡೆ. ಅಣ್ಣಾ, ನಾವು ಎಂಥ ಮನುಷ್ಯರು?

ಇನ್ನೊಂದನ್ನು ಮುಟ್ಟಬೇಡ. ಇಕ್ಕಳ ಬಿಸಾಡು. ಈ ಕಾಗದ ಕೈಸೇರಿದ ದಿನವೇ ಆಸ್ಪತ್ರೆಗೆ ಹೋಗು. ಅತ್ತಿಗೆಗೆ ಬೇರೆ ಕಾಗದ ಹಾಕಿದ್ದೇನೆ, ಬೈದುಕೋ.

ಸೂಜಿ

*

ಅಕ್ಟೋಬರ್ ೧೪

ತಮ್ಮಾ,

ನಿಮ್ಮಣ್ಣನ ಬದಲು ನಾನು ಬರೆಯುತ್ತಿದ್ದೇನೆ. ನಿನ್ನ ಕಾಗದ ಬಂದ ದಿನವೇ ಕರೆದುಕೊಂಡು ಹೋದೆ. ಹಲ್ಲಿನ ಡಾಕ್ಟರಮ್ಮ ಬಾಯಿಗೆ ದೀಪ ಹಿಡಿದು ನೋಡಿದರು. ಆಮೇಲೆ, "ಇಲ್ಲಿ ಏನು ಚುಚ್ಚಿತು?" ಅಂದರು. ಇವರಿಗೆ ಮಾತು ಸರಿಯಾಗಿ ಬರುವುದಿಲ್ಲವಲ್ಲ, ತೋರಿಸುತ್ತೇನೆ ಅಂತ ಸನ್ನೆ ಮಾಡಿದರು. ಅಂಗಿ ಜೇಬಿಗೆ ಕೈಹಾಕಿ ನಾಲ್ಕು ಮೊಳೆ ತೆಗೆದರು. ನಾನು ತಡೆಯುವಷ್ಟರಲ್ಲಿ ಬಾಯಿಗೆ ಹಾಕಿಕೊಂಡೇಬಿಟ್ಟರು. ನಾಲಿಗೆಯಲ್ಲಿ ತಿರುಗಿಸಿ ಒಂದನ್ನು ತುಟಿಗೆ ತಂದು, ನೋಡಿ ಹೀಗೆ, ಅಂತ ಗಲ್ಲ ಮುಂದೆ ಮಾಡಿದರು. ಮುಖದಲ್ಲಿ ಒಂಥರಾ ಹೆಮ್ಮೆ, ತಮ್ಮಾ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನಾನು ಕೇಳಿದ್ದೆನಲ್ಲ, ಬಾಯಿಗೆ ಏನಾದರೂ ಹಾಕುತ್ತೀರಾ ಅಂತ?" ಅಂದರು. ಇವರು ಮೊಳೆ ಉಗುಳಿ, ಹಲಗೆ ಮೇಲೆ ಬರೆದರು: "ಇದು ಬಾಯಿಗೆ ಹಾಕುವುದಲ್ಲ, ಇದು ಕೆಲಸ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. "ಏನು ಕೆಲಸ ಅಂತ ನಾನೂ ಕೇಳಲಿಲ್ಲ" ಅಂದರು, ಅಷ್ಟೇ.

ನಾನೂ ಅವತ್ತು ಪಕ್ಕದಲ್ಲೇ ಕೂತು ಹೌದು ಹೌದು ಅಂದಿದ್ದೆ. ಆ ಬಾಯಲ್ಲಿ ಮೊಳೆ ಇಲ್ಲದ ದಿನ ನಾನು ಮದುವೆಯಾದಾಗಿನಿಂದ ನೋಡಿಲ್ಲ. ಮುಖದ ಮೇಲೆ ಮೂಗು ಇದೆ ಅಂತ ಯಾರಾದರೂ ಬೇರೆಯಾಗಿ ಹೇಳುತ್ತಾರಾ?

ಎಡಗಡೆ ದವಡೆ ಸತ್ತಿದೆಯಂತೆ. ಔಷಧ ಕೊಟ್ಟು ನೋಡಿದರು. ಮೊನ್ನೆ ಬೆಳಿಗ್ಗೆ ಇವರು ಆಕಳಿಸುವಾಗ ಒಳಗೆ ಕಟ್ ಅಂತ ಸದ್ದಾಯಿತು, ನನಗೂ ಕೇಳಿಸಿತು. ದವಡೆ ಮುರಿದಿದೆ. ಅಷ್ಟನ್ನೂ ಕೊಯ್ದು ತೆಗೆದು, ಕಾಲಿನಿಂದ ಎಲುಬು ತೆಗೆದು ಅಲ್ಲಿ ಕೂರಿಸುತ್ತಾರಂತೆ. ಕ್ಯಾನ್ಸರ್ ಮಾತ್ರ ಎಲ್ಲೂ ಇಲ್ಲ ಅಂತ ಮತ್ತೆ ಮತ್ತೆ ಹೇಳುತ್ತಾರೆ. ಸಂತೋಷಪಡಬೇಕು ಅಂತ ಗೊತ್ತು.

ನೀನು ಬರುತ್ತೀಯಾ ಅಂತ ಕೇಳುವುದಿಲ್ಲ. ಅವರು ದಿನಾ ಸಂಜೆ ಬಸ್ಸು ಬರುವ ಹೊತ್ತಿಗೆ ಕಿಟಕಿ ಕಡೆ ತಿರುಗಿ ಮಲಗುತ್ತಾರೆ, ಅಷ್ಟು ಹೇಳಿದ್ದೇನೆ.

ನಿನ್ನ ಅತ್ತಿಗೆ

*

ಡಿಸೆಂಬರ್ ೨೨

ಸೂಜಿ,

ಕಾಲಿನ ಎಲುಬು ದವಡೆಯಲ್ಲಿ ಹಿಡಿಯಲಿಲ್ಲ. ಕಿರಣ ಬಿದ್ದ ಜಾಗದಲ್ಲಿ ಒಮ್ಮೊಮ್ಮೆ ಹೀಗಾಗುತ್ತದಂತೆ. ಅದನ್ನೂ ತೆಗೆದರು. ಈಗ ಅಲ್ಲಿ ಏನೂ ಇಲ್ಲ. ಎಡಗಡೆ ಮುಖ ಒಳಗೆ ಕುಸಿದಿದೆ, ಸ್ಪ್ರಿಂಗು ಹೋದ ಕುರ್ಚಿ. ಊಟ ಮೂಗಿನ ಕೊಳವೆಯಲ್ಲಿ. ಕುಂಟುತ್ತೇನೆ ಕೂಡ, ಕಾಲನ್ನು ಸುಮ್ಮನೆ ಕೊಟ್ಟ ಹಾಗಾಯಿತು.

ಹೋದ ವಾರ ಯಾರೂ ಇಲ್ಲದಾಗ ಒಂದು ಮೊಳೆ ತುಟಿಗೆ ಇಟ್ಟು ನೋಡಿದೆ. ಕೆಳತುಟಿ ನಿಲ್ಲುವುದಿಲ್ಲ. ಬಿತ್ತು. ಬಗ್ಗಿ ಹುಡುಕಿದೆ, ಸಿಗಲಿಲ್ಲ. ನಿನ್ನ ಅತ್ತಿಗೆಯ ಕಾಲಿಗೆ ಚುಚ್ಚದಿದ್ದರೆ ಸಾಕು.

ಹಿಂದಿನ ಸಾಲುಗಳು ಹಾಗೇ ಇವೆ. ಬಂದರೆ ಬಾ. ಬಾಗಿಲು ನಾನೇ ತೆಗೆಯುತ್ತೇನೆ. ನನ್ನ ಮುಖ ನೋಡಿ ಏನಾದರೂ ಹೇಳಬೇಕು ಅನ್ನಿಸುತ್ತದೆ ನಿನಗೆ. ಹೇಳಬೇಡ.

ಸುತ್ತಿಗೆ

*

ಸೂಜಿ ಕಾಗದ ಮಡಿಸಿದ. ಆಗಲೇ ಅಕ್ಷರ ಕಾಣುತ್ತಿರಲಿಲ್ಲ, ಕೊನೆಯದನ್ನು ಅವನು ಬಾಯಿಪಾಠದಲ್ಲೇ ಹೇಳಿರಬೇಕು.

"ಈಗ ಹೇಗಿದ್ದಾನೆ?" ಎಂದು ಒಬ್ಬ ಕೇಳಿದ.

"ಇದ್ದಾನೆ. ರೋಗ ಇಲ್ಲ" ಎಂದ ಸೂಜಿ.

"ನೀನು ಹೋದಾಗ ಏನಾದರೂ ಹೇಳಿದೆಯಾ?"

"ಹೇಳಬೇಡ ಅಂದಿದ್ದನಲ್ಲ" ಎಂದು ಸೂಜಿ ಎದ್ದು ಚೀಲ ಹೆಗಲಿಗೆ ಹಾಕಿಕೊಂಡ.

ಮರುದಿನ ಬೆಳಿಗ್ಗೆ ನಾವೆಲ್ಲ ಎಂದಿನ ಹೊತ್ತಿಗೇ ಬಂದೆವು. ಯಾರೂ ಯಾರಿಗೂ ಹೇಳಿಕೊಂಡಿರಲಿಲ್ಲ, ಆದರೂ ಎಲ್ಲರೂ ಮೊಳೆಗಳನ್ನು ಕುರ್ಚಿಯ ತೋಳಿನ ಮೇಲೆ ಸುರಿದುಕೊಂಡು ಒಂದೊಂದೇ ಹೆಕ್ಕಿ ಹೊಡೆಯತೊಡಗಿದೆವು. ಕೆಲಸ ಇರುವೆ ನಡೆದ ಹಾಗೆ ನಡೆಯಿತು. ಎಳೆದ ಬಟ್ಟೆ ಕೈಜಾರಿತು, ಬೆರಳಿಗೆ ಪೆಟ್ಟು ಬಿತ್ತು, ಒಂದಿಬ್ಬರು ಬೈದುಕೊಂಡರು. ಸ್ವಲ್ಪ ಹೊತ್ತಿನಲ್ಲಿ ಹಿಂದಿನ ಸಾಲಿನಿಂದ ಹಳೆಯ ಲಯದಲ್ಲಿ ಟಕ್ ಟಕ್ ಸದ್ದು ಬರತೊಡಗಿತು. ತಿರುಗಿ ನೋಡಿದರೆ ನಮ್ಮಲ್ಲಿ ಹಿರಿಯನಾದವನು ತಲೆ ತಗ್ಗಿಸಿ ಕೆಲಸದಲ್ಲಿ ಮುಳುಗಿದ್ದ, ತುಟಿಯ ನಡುವೆ ಮೊಳೆಯ ತಲೆ ಹೊಳೆಯುತ್ತಿತ್ತು. ತಾನು ಯಾವಾಗ ಹಾಕಿಕೊಂಡೆ ಎಂದು ಅವನಿಗೇ ಗೊತ್ತಿರಲಿಲ್ಲ. ಪಕ್ಕದವನು ಸುತ್ತಿಗೆ ಕೆಳಗಿಟ್ಟು, ಮಣ್ಣು ತಿಂದ ಮಗುವಿಗೆ ಹಿಡಿಯುವ ಹಾಗೆ, ಅವನ ಗಲ್ಲದ ಕೆಳಗೆ ಅಂಗೈ ಹಿಡಿದ. ಹಿರಿಯ ಒಮ್ಮೆ ಅವನ ಮುಖ ನೋಡಿದ. ಆಮೇಲೆ ಒಂದೊಂದಾಗಿ ಉಗುಳಿದ.